ಮನೆಯಲ್ಲಿ, ಬಡಾವಣೆಯಲ್ಲಿ ರಾಷ್ಟ್ರಧ್ವಜ ಹಾರಿಸುವುದು ಹೇಗೆ? ಕೊಳ್ಳುವುದರಿಂದ ಮಡಿಸಿಡುವವರೆಗೆ

ಆಗಸ್ಟ್ ಹತ್ತಿರವಾದಂತೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿವರ್ಷವೂ ಅವೇ. ಮನೆಯ ಮೇಲೆ ರಾಷ್ಟ್ರಧ್ವಜ ಹಾರಿಸಲು ಯಾರದಾದರೂ ಅನುಮತಿ ಪಡೆಯಬೇಕೆ? ಸಂಜೆಯಾದೊಡನೆ ಇಳಿಸಲೇಬೇಕೆ? ಪಾಲಿಯೆಸ್ಟರ್ ಬಟ್ಟೆಯ ಧ್ವಜ ನಡೆಯುತ್ತದೆಯೆ? ಹರಿದುಹೋದದ್ದನ್ನು ಏನು ಮಾಡುವುದು? ಬಡಾವಣೆಯ ಸಂಘದವರಾದರೆ ಇನ್ನೊಂದನ್ನು ಸೇರಿಸುತ್ತಾರೆ: ಅತಿಥಿಗಳು ಹಗ್ಗ ಎಳೆದಾಗ ಧ್ವಜ ಬಿಚ್ಚಿಕೊಳ್ಳದೆ ಎಲ್ಲರೂ ಮುಜುಗರಪಡುವುದನ್ನು ತಪ್ಪಿಸುವುದು ಹೇಗೆ? ಈ ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ. ರಾಷ್ಟ್ರೀಯ ಹಬ್ಬದ ದಿನ ದೇಶದ ಮೇಲಿನ ಪ್ರೀತಿಯನ್ನು ತೋರಿಸಲು ಶಾಮಿಯಾನ, ಧ್ವನಿವರ್ಧಕ, ಬೈಕ್ ರ‍್ಯಾಲಿ ಯಾವುದೂ ಅಗತ್ಯವಿಲ್ಲ. ಒಂದು ಧ್ವಜವನ್ನು ನೋಡಿ ಕೊಂಡು, ಕ್ರಮವಾಗಿ ಏರಿಸಿ, ಕ್ರಮವಾಗಿ ಇಳಿಸಿ, ಮುಂದಿನ ಸಲಕ್ಕೆ ಜೋಪಾನವಾಗಿ ಎತ್ತಿಟ್ಟರೆ ಸಾಕು ಎಂಬ ಅಭಿಪ್ರಾಯದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು

ನೀವು ತಿಳಿದಿರಬೇಕಾದ ದಾಖಲೆಗಳು ಎರಡು. ಒಂದು, 2002ರ ಜನವರಿ 26ರಿಂದ ಜಾರಿಯಲ್ಲಿರುವ ‘ಭಾರತದ ಧ್ವಜಸಂಹಿತೆ’. ಸಂಹಿತೆ ಎಂದರೆ ಇಲ್ಲಿ ಧ್ವಜವನ್ನು ಯಾರು, ಎಲ್ಲಿ, ಹೇಗೆ ಬಳಸಬಹುದು ಎಂಬ ಕೇಂದ್ರ ಸರ್ಕಾರದ ನಿಯಮಗಳ ಕಟ್ಟು. ಇನ್ನೊಂದು, 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ. ಇದು ಶಿಕ್ಷೆಯನ್ನೂ ಹೇಳುತ್ತದೆ. ಸಾರ್ವಜನಿಕವಾಗಿ ಧ್ವಜವನ್ನು ಸುಡುವುದು, ತುಳಿಯುವುದು, ವಿರೂಪಗೊಳಿಸುವುದು ಮುಂತಾದ ಅಪಮಾನಗಳಿಗೆ 3 ವರ್ಷದವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು.

2002ಕ್ಕೆ ಮುಂಚೆ ಸಾಮಾನ್ಯ ನಾಗರಿಕರು ವರ್ಷದ ಕೆಲವೇ ದಿನಗಳಲ್ಲಿ ಮಾತ್ರ ಮನೆಯ ಮೇಲೆ ಧ್ವಜ ಹಾರಿಸಬಹುದಿತ್ತು. ಈಗ ವರ್ಷದ ಯಾವ ದಿನವಾದರೂ ಹಾರಿಸಬಹುದು, ಯಾರ ಅನುಮತಿಯೂ ಬೇಡ. ಧ್ವಜವನ್ನು ಗೌರವದಿಂದ ಹಾರಿಸುವುದು ಸಂವಿಧಾನದ 19ನೇ ವಿಧಿಯಡಿ ಬರುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಜನವರಿ 23ರಂದು ತೀರ್ಪು ನೀಡಿತು. ಆದರೆ ಅದೇ ತೀರ್ಪು, ಈ ಹಕ್ಕು ನಿಯಮಗಳಿಗೆ ಒಳಪಟ್ಟದ್ದು ಎಂದೂ ಹೇಳಿದೆ ಎಂಬುದನ್ನು ಮರೆಯಬಾರದು.

ಹಳೆಯ ತಿಳಿವಳಿಕೆಯನ್ನೇ ನೆಚ್ಚಿಕೊಂಡವರು ಎರಡು ತಿದ್ದುಪಡಿಗಳನ್ನು ಗಮನಿಸಬೇಕು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. 2022ರ ಜುಲೈ ತಿಂಗಳ ತಿದ್ದುಪಡಿಯಿಂದ, ತೆರೆದ ಜಾಗದಲ್ಲಿ ಅಥವಾ ನಾಗರಿಕರ ಮನೆಯ ಮೇಲೆ ಹಾರಿಸಿದ ಧ್ವಜ ಹಗಲೂ ಇರುಳೂ ಹಾರಬಹುದೆಂದಾಯಿತು. ಸೂರ್ಯಾಸ್ತಕ್ಕೆ ಇಳಿಸದಿದ್ದರೆ ಅಪರಾಧ ಎಂದು ನೆರೆಮನೆಯವರು ಹೆದರಿಸಿದರೆ ನೀವು ಹೆದರಬೇಕಿಲ್ಲ. ಸಂಜೆಗೆ ಇಳಿಸುವ ಹಳೆಯ ಪದ್ಧತಿಯೇ ನಿಮಗೆ ಹಿಡಿಸಿದರೆ ಅದನ್ನು ಮುಂದುವರಿಸಲೂ ಅಡ್ಡಿಯಿಲ್ಲ. ಗಾಳಿಮಳೆಯ ಆಗಸ್ಟಿನಲ್ಲಿ ಬಟ್ಟೆಯ ಆಯಸ್ಸಿಗೆ ಅದೇ ಒಳ್ಳೆಯದು.

1. ಧ್ವಜವನ್ನು ನೋಡಿ ಕೊಳ್ಳುವುದು

ಹಬ್ಬದ ಹಿಂದಿನ ದಿನ ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿಯಿಂದ ಕೈಚಾಚಿ ಕೊಂಡ ಧ್ವಜದಲ್ಲಿ ಏನಾದರೊಂದು ದೋಷ ಇರುವ ಸಂಭವ ಹೆಚ್ಚು. ಆದ್ದರಿಂದ ಕನಿಷ್ಠ ಎರಡು ವಾರ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಸಂಹಿತೆಯು ಹತ್ತಿ, ಉಣ್ಣೆ, ರೇಷ್ಮೆ, ಖಾದಿ, ಪಾಲಿಯೆಸ್ಟರ್ ಬಟ್ಟೆಗಳನ್ನು ಒಪ್ಪುತ್ತದೆ. ಪ್ಲಾಸ್ಟಿಕ್ಕಿಗೆ ಅಲ್ಲಿ ಜಾಗವಿಲ್ಲ. ಮಿಗಿಲಾಗಿ 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಧ್ವಜಗಳೂ ಹೆಸರು ಹಿಡಿದು ಸೇರಿವೆ.

ಅಂಗಡಿಯಲ್ಲಿ ಧ್ವಜವನ್ನು ಪೂರ್ತಿ ಬಿಡಿಸಿ ನೋಡಲು ಸಂಕೋಚಪಡಬೇಡಿ. ಉದ್ದ ಮತ್ತು ಎತ್ತರದ ಅನುಪಾತ 3:2 ಇರಬೇಕು. ಮೂರು ಪಟ್ಟಿಗಳು ಸಮ ಅಗಲದವಾಗಿರಬೇಕು. ಮೇಲಿನದು ಕೇಸರಿಯೇ ಆಗಿರಬೇಕು, ಕೆಂಪಿಗೆ ತಿರುಗಿದ ಕಿತ್ತಳೆಯಲ್ಲ. ನಡುವಣ ಅಶೋಕಚಕ್ರ ಕಡುನೀಲಿ ಬಣ್ಣದ್ದಾಗಿದ್ದು, ಬಟ್ಟೆಯ ಎರಡೂ ಬದಿಗೆ ಒಂದೇ ಜಾಗದಲ್ಲಿ ಮೂಡಿರಬೇಕು. ಅಗ್ಗದ ಧ್ವಜಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿರುತ್ತದೆ, ಇಲ್ಲವೆ ಅದರ ಅರಗಳು, ಅಂದರೆ ಚಕ್ರದ ಕಡ್ಡಿಗಳು, 24ಕ್ಕೆ ಹೆಚ್ಚುಕಡಿಮೆಯಾಗಿರುತ್ತವೆ. ಅಷ್ಟನ್ನೂ ಎಣಿಸುತ್ತ ನಿಲ್ಲಬೇಕಿಲ್ಲ: ನೆಟ್ಟಗೆ ನಿಂತ ಕಡ್ಡಿಗೂ ಅಡ್ಡಲಾಗಿ ಮಲಗಿದ ಕಡ್ಡಿಗೂ ನಡುವೆ ಸರಿಯಾಗಿ 5 ಕಡ್ಡಿಗಳಿದ್ದರೆ ಆ ಕಾಲುಭಾಗ ಸರಿಯಿದೆ ಎಂದರ್ಥ. ನಾಲ್ಕೂ ಕಾಲುಭಾಗಗಳನ್ನು ಹೀಗೆ ಕಣ್ಣಲ್ಲೇ ಅಳೆದರೆ ಅರ್ಧ ನಿಮಿಷದಲ್ಲಿ ಪರೀಕ್ಷೆ ಮುಗಿಯುತ್ತದೆ. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಅಂಗೀಕರಿಸಿದ ಧ್ವಜ ಇದು. ಅಚ್ಚುಹಾಕುವವರ ಅನುಕೂಲಕ್ಕೆ ತಕ್ಕಂತೆ ಅದರ ಚಕ್ರ ಬದಲಾಗುವುದಕ್ಕೆ ಬರುವುದಿಲ್ಲ.

ಅಳತೆಗಳಲ್ಲಿ 9 ಬಗೆಗಳಿವೆ. ಅತಿ ದೊಡ್ಡದು 6300×4200 ಮಿಲಿಮೀಟರ್, ಅತಿ ಚಿಕ್ಕದು ಮೇಜಿನ ಮೇಲಿಡುವ 150×100 ಮಿಲಿಮೀಟರ್. ಮನೆಯ ಬಾಲ್ಕನಿಗೆ 900×600, ಅಂದರೆ ಸುಮಾರು 3 ಅಡಿಗೆ 2 ಅಡಿಯದು ಸಾಕು. ಬಡಾವಣೆಯ 20 ಅಡಿ ಕಂಬಕ್ಕೆ 1350×900 ಹೊಂದುತ್ತದೆ. ಧ್ವಜದ ಉದ್ದ ಕಂಬದ ಎತ್ತರದ ಕಾಲುಭಾಗವನ್ನು ಮೀರದಿದ್ದರೆ ನೋಡಲು ಚೆಂದ. ಸಣ್ಣ ಕಂಬಕ್ಕೆ ದೊಡ್ಡ ಧ್ವಜ ಕಟ್ಟಿದರೆ ಗಾಳಿ ಬಿದ್ದಾಗ ಅದರ ತುದಿ ಗೋಡೆಗೋ ನೆಲಕ್ಕೋ ತಾಗುತ್ತದೆ, ನೆಲಕ್ಕೆ ತಾಗುವುದು ನಿಷಿದ್ಧ.

ಖಾದಿಯೋ ಪಾಲಿಯೆಸ್ಟರೋ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ. ವರ್ಷವಿಡೀ ಬಯಲಲ್ಲಿ ಹಾರಬೇಕಾದರೆ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಏರಿಸುವ ಮನೆಗೆ ಖಾದಿಯನ್ನೇ ಕೊಳ್ಳಿ. ನಮ್ಮ ರಾಜ್ಯದವರಿಗಂತೂ ಇದಕ್ಕೆ ಇನ್ನೊಂದು ಕಾರಣವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಸಂಸ್ಥೆಯ, ಅಂದರೆ ಬಿಐಎಸ್‌ನ, ಮಾನ್ಯತೆ ಪಡೆದ ಖಾದಿ ರಾಷ್ಟ್ರಧ್ವಜಗಳು ಅಲ್ಲಿ ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುತ್ತವೆ. ಧಾರವಾಡದ ಬಳಿಯ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಧ್ವಜದ ಬಟ್ಟೆಯ ನೇಯ್ಗೆಗೆ ಹೆಸರಾದ ಊರುಗಳು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು ಎಂದು ಹಂತಹಂತವಾಗಿ ಸಾಗುವ ಈ ಕೆಲಸದ ಬಹುಪಾಲನ್ನು ಹೆಣ್ಣುಮಕ್ಕಳೇ ಮಾಡುತ್ತಾರೆ. ಬಿಐಎಸ್ ರೂಪಿಸಿರುವ ಮಾನದಂಡಗಳ ಸಾಲಿನಲ್ಲಿ ‘ಐಎಸ್ 1’ ಎಂಬ ಮೊದಲ ಸಂಖ್ಯೆ ಸಿಕ್ಕಿರುವುದು ಈ ಧ್ವಜಕ್ಕೇ. ಬಣ್ಣದ ಗಟ್ಟಿತನ, ನೂಲಿನ ಎಣಿಕೆ, ಹೊಲಿಗೆ ಎಲ್ಲವೂ ಆ ಮಾನದಂಡದಲ್ಲಿ ಗೊತ್ತುಮಾಡಿದಂತೆ ಇರಬೇಕಾದ್ದರಿಂದ ಬೆಲೆ ಸ್ವಲ್ಪ ಹೆಚ್ಚು ಎನಿಸಬಹುದು. ಜೋಪಾನ ಮಾಡಿದರೆ ಅದು ಹಲವು ವರ್ಷ ಬಾಳುವುದರಿಂದ ಆ ಲೆಕ್ಕ ಸರಿಹೋಗುತ್ತದೆ.

2. ಜಾಗ ಮತ್ತು ಕಂಬ

ಧ್ವಜ ಇರುವ ಜಾಗ ಗೌರವದ್ದಾಗಿರಬೇಕು, ಎಲ್ಲರಿಗೂ ಕಾಣುವಂತಿರಬೇಕು. ನೀರಿನ ಟ್ಯಾಂಕಿನ ಪೈಪಿಗೆ ಕಟ್ಟುವುದು, ಬಟ್ಟೆ ಒಣಹಾಕುವ ತಂತಿಯ ಪಕ್ಕ ನಿಲ್ಲಿಸುವುದು ಬೇಡ. ಲೋಹದ ಕೊಳವೆಯನ್ನು ಕಂಬವಾಗಿ ಬಳಸುವವರು ವಿದ್ಯುತ್ ತಂತಿ ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಕಂಬವನ್ನು ಎತ್ತಿ ನಿಲ್ಲಿಸುವಾಗ ಅದು ವಾಲಿ ತಂತಿಗೆ ತಗುಲಿದರೆ ಜೀವಕ್ಕೇ ಅಪಾಯ, ಮಳೆಯಲ್ಲಿ ನೆನೆದ ಕಂಬವಾದರೆ ಇನ್ನೂ ಹೆಚ್ಚು. ಅಪಾರ್ಟ್‌ಮೆಂಟಿನಲ್ಲಿರುವವರು ಬಾಲ್ಕನಿಯ ಹೊರಗೆ ಕೊಳವೆ ಬಿಗಿಯುವ ಮೊದಲು ಸಂಘಕ್ಕೆ ಒಂದು ಮಾತು ತಿಳಿಸುವುದು ಒಳ್ಳೆಯದು. ಧ್ವಜಕ್ಕೆ ಅನುಮತಿ ಬೇಡ ನಿಜ, ಗೋಡೆಗೆ ತೂತು ಕೊರೆಯುವುದು ಬೇರೆ ವಿಷಯ.

ಹೆಚ್ಚಿನವರು ಎಡವುವುದು ಕೇಸರಿ ಯಾವ ಕಡೆಗೆ ಬರಬೇಕು ಎಂಬಲ್ಲಿ. ನೆಟ್ಟ ಕಂಬದಲ್ಲಿ ಕೇಸರಿ ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಬಾಲ್ಕನಿಯಿಂದ ಅಥವಾ ಕಿಟಕಿಯಿಂದ ಓರೆಯಾಗಿ ಹೊರಚಾಚಿದ ಕೋಲಿನಲ್ಲಿ ಕೇಸರಿ ಪಟ್ಟಿ ಕೋಲಿನ ಹೊರತುದಿಗೆ ಬರಬೇಕು, ಗೋಡೆಯ ಕಡೆಗಲ್ಲ. ಗೋಡೆಯ ಮೇಲೆ ಅಡ್ಡಲಾಗಿ ಹರಡುವುದಾದರೆ ಕೇಸರಿ ಮೇಲೆ. ಅದನ್ನೇ ಉದ್ದುದ್ದ ಇಳಿಬಿಟ್ಟರೆ ಕೇಸರಿಯು ಧ್ವಜದ ಬಲಕ್ಕೆ, ಅಂದರೆ ಎದುರು ನಿಂತು ನೋಡುವವರ ಎಡಗೈ ಕಡೆಗೆ ಇರಬೇಕು. ವೇದಿಕೆಯಿದ್ದರೆ, ಸಭಿಕರಿಗೆ ಮುಖಮಾಡಿ ನಿಂತ ಭಾಷಣಕಾರರ ಬಲಗಡೆಗೆ ಧ್ವಜಕಂಬವಿರಬೇಕು. ಅಥವಾ ಅವರ ಹಿಂದೆ, ತಲೆಗಿಂತ ಮೇಲೆ ಗೋಡೆಗೆ ಹರಡಿರಬೇಕು. ಬೇಕೆಂದೇ ಕೇಸರಿಯನ್ನು ಕೆಳಗೆ ಮಾಡಿ ಹಾರಿಸುವುದು ಕಾಯ್ದೆಯಡಿ ಅಪರಾಧ. ಗಡಿಬಿಡಿಯಲ್ಲಿ ತಲೆಕೆಳಗಾದರೂ ಸುದ್ದಿಯಾಗುವುದು ತಪ್ಪುವುದಿಲ್ಲ.

ಕನ್ನಡ ಬಾವುಟದ ಪ್ರಶ್ನೆಯೂ ನಮ್ಮಲ್ಲಿ ಏಳುತ್ತದೆ. ಹಳದಿ ಕೆಂಪಿನ ಬಾವುಟ ಹಾರುವ ಕಂಬ ನಮ್ಮ ಬಹುತೇಕ ವೃತ್ತಗಳಲ್ಲಿದೆ. ಆ ಕಂಬಕ್ಕೇ ಮೇಲೊಂದು ಕೆಳಗೊಂದು ಎಂದು ಎರಡನ್ನೂ ಕಟ್ಟಬಾರದು. ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಮತ್ತಾವ ಬಾವುಟವೂ ಇರುವಂತಿಲ್ಲ. ಬೇರೆ ಬಾವುಟ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಪಕ್ಕಕ್ಕೇ ಒತ್ತಿಕೊಂಡಾಗಲಿ ಇರಬಾರದು. ಬೇರೆ ಕಂಬದಲ್ಲಿ, ಅಂತರ ಬಿಟ್ಟು, ತಗ್ಗಿನಲ್ಲಿ ಹಾರಿಸಿದರೆ ಎರಡಕ್ಕೂ ಮರ್ಯಾದೆ. ಹೊರದೇಶಗಳ ಕನ್ನಡ ಕೂಟದವರು ಆತಿಥೇಯ ದೇಶದ ಧ್ವಜನಿಯಮವನ್ನು ಮೊದಲು ವಿಚಾರಿಸಿಕೊಂಡು, ಎರಡು ದೇಶಗಳ ಧ್ವಜಗಳಿಗೆ ಒಂದೇ ಅಳತೆಯ ಬಟ್ಟೆ, ಒಂದೇ ಎತ್ತರದ ಕಂಬ ಸಿದ್ಧಮಾಡಿಕೊಳ್ಳಬೇಕು.

3. ಹಿಂದಿನ ಸಂಜೆಯ ತಾಲೀಮು

ಬೆಳಿಗ್ಗೆ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು 14ರ ಸಂಜೆಯೇ ತಪ್ಪಿಸಬಹುದಾದವು. ಮೊದಲು ಕಂಬದ ತುದಿಯ ರಾಟೆಯನ್ನು ನೋಡಿ. ವರ್ಷವಿಡೀ ಮಳೆ ಬಿಸಿಲಿಗೆ ನಿಂತ ರಾಟೆಗೆ ತುಕ್ಕು ಹಿಡಿದು ಹಗ್ಗ ಸಿಕ್ಕಿಕೊಳ್ಳುವುದು ತೀರ ಸಾಮಾನ್ಯ; ಎರಡು ಹನಿ ಎಣ್ಣೆ ಬಿಟ್ಟು, ಬರಿಯ ಹಗ್ಗವನ್ನು ಮೇಲೆ ಕೆಳಗೆ ಹಲವು ಬಾರಿ ಎಳೆದು ನೋಡಿ. ಹತ್ತಿಯ ಹಗ್ಗ ಮಳೆಗೆ ನೆನೆದರೆ ಊದಿಕೊಂಡು ಗಂಟು ಬಿಗಿಯುತ್ತದೆ. ನೈಲಾನ್ ಹಗ್ಗ ಊದಿಕೊಳ್ಳುವುದಿಲ್ಲ, ಆದರೆ ನುಣುಪಾದ್ದರಿಂದ ಗಂಟು ಜಾರುತ್ತದೆ. ಮಲೆನಾಡು ಕರಾವಳಿಯವರಿಗೆ ನಾನು ಹೇಳುವುದು ನೈಲಾನ್, ಕಟ್ಟುವಾಗ ಒಂದು ಸುತ್ತು ಹೆಚ್ಚು.

ಧ್ವಜದ ಕಂಬದ ಕಡೆಯ ಅಂಚಿನಲ್ಲಿ ದಪ್ಪ ಬಿಳಿ ಬಟ್ಟೆಯ ಪಟ್ಟಿಯೊಂದು ಹೊಲಿದಿರುತ್ತದೆ, ಅದರೊಳಗೆ ದಾರ ಹಾದಿರುತ್ತದೆ. ಆ ದಾರದ ಮೇಲ್ತುದಿಯಲ್ಲಿ ಮರದ ಗುಂಡಿ ಅಥವಾ ಕುಣಿಕೆ ಇರುತ್ತದೆ. ಅದಿರುವ ಕಡೆಯೇ ಕೇಸರಿ. ಕಂಬದ ಹಗ್ಗದ ಒಂದು ತುದಿಯನ್ನು ಇದಕ್ಕೆ, ಇನ್ನೊಂದು ತುದಿಯನ್ನು ಪಟ್ಟಿಯ ಕೆಳಗಿನ ದಾರಕ್ಕೆ ಭದ್ರವಾಗಿ ಕಟ್ಟಿ. ಕೆಲವು ಕಡೆ ಧ್ವಜವನ್ನು ಬಿಡಿಸಿಯೇ ಏರಿಸುತ್ತಾರೆ. ಮನೆಯ ಮಟ್ಟಿಗೆ ಅದೇ ಸುಲಭ, ಗಂಟಿನ ತಾಪತ್ರಯವಿಲ್ಲ. ಮಡಿಸಿದ ಧ್ವಜ ಮೇಲೆ ಹೋಗಿ ಬಿಚ್ಚಿಕೊಂಡು ಹೂವು ಉದುರಬೇಕೆಂಬ ಆಸೆಯಿದ್ದರೆ ಹೀಗೆ ಮಾಡಿ.

ಇಬ್ಬರು ಎದುರುಬದುರು ನಿಂತು ಧ್ವಜವನ್ನು ನೆಲಕ್ಕೆ ತಾಗದಂತೆ ಹಿಡಿದು ಉದ್ದಕ್ಕೆ ಮಡಿಸಿ ಅಗಲ ಕಡಿಮೆ ಮಾಡಿಕೊಳ್ಳಿ. ಅನಂತರ ಹಾರುವ ತುದಿಯಿಂದ ಕಂಬದ ಅಂಚಿನ ಕಡೆಗೆ ಮಡಿಸುತ್ತ ಬನ್ನಿ. ಕೊನೆಯ ಮಡಿಕೆಯೊಳಗೆ ಒಂದು ಹಿಡಿ ಹೂವಿನ ಎಸಳು ಇಡಿ. ಹೀಗೆ ಎಸಳು ಇಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಇಡಿ ಚೆಂಡುಹೂವು ಬೇಡ, ಅದರ ಭಾರಕ್ಕೆ ಕಟ್ಟು ಜೋತುಬೀಳುತ್ತದೆ; ನೀರು ಚಿಮುಕಿಸಿದ ಹೂವೂ ಬೇಡ, ಬಿಳಿ ಪಟ್ಟಿಗೆ ಕಲೆಯಾಗುತ್ತದೆ. ಈಗ ಧ್ವಜದ ಕೆಳತುದಿಗೆ ಕಟ್ಟಿದ ಹಗ್ಗವನ್ನು ಆ ಕಟ್ಟಿನ ಸುತ್ತ ಒಂದೆರಡು ಸುತ್ತು ತಂದು, ಕೊನೆಯಲ್ಲಿ ಹಗ್ಗವನ್ನು ಇಬ್ಬಗೆಯಾಗಿ ಮಡಚಿ ಆ ಮಡಿಕೆಯನ್ನು ಮಾತ್ರ ಸುತ್ತಿನ ಕೆಳಗೆ ತೂರಿಸಿ. ಹಗ್ಗದ ತುದಿಯನ್ನೇ ತೂರಿಸಿ ಎಳೆದುಬಿಟ್ಟರೆ ಅದು ಗಂಟಾಗುತ್ತದೆ, ಆಮೇಲೆ ಎಷ್ಟು ಜಗ್ಗಿದರೂ ಬಿಚ್ಚುವುದಿಲ್ಲ. ಅತಿಥಿಗಳು ಬೆವರುವುದಕ್ಕೆ ಕಾರಣ ಹತ್ತರಲ್ಲಿ ಒಂಬತ್ತು ಸಲ ಇದೇ.

ಏರಿಸುವಾಗ ರಾಟೆಯ ಮೇಲೆ ಹಾದುಬಂದ ಹಗ್ಗವನ್ನು ಎಳೆಯಬೇಕು. ಧ್ವಜದ ಕೆಳಗಿನ ಹಗ್ಗ ಸಡಿಲವಾಗಿ ತಾನಾಗಿ ಮೇಲೆ ಹೋಗಲಿ. ಸಹಾಯಕ್ಕೆ ನಿಂತವರು ಅದನ್ನು ಬಿಗಿಹಿಡಿದರೆ ಧ್ವಜ ಅರ್ಧದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಕಟ್ಟು ತುದಿ ಮುಟ್ಟಿದ ಮೇಲೆ ಮೊದಲ ಹಗ್ಗವನ್ನು ಕಂಬಕ್ಕೆ ಕಟ್ಟಿ, ಕೆಳಗಿನ ಹಗ್ಗವನ್ನು ಜಗ್ಗಿದರೆ ತೂರಿಸಿದ ಮಡಿಕೆ ಕಳಚಿ ಧ್ವಜ ತೆರೆದುಕೊಳ್ಳುತ್ತದೆ. ಜಗ್ಗಬೇಕಾದ ಹಗ್ಗಕ್ಕೆ ಎದೆಯೆತ್ತರದಲ್ಲಿ ಬಿಳಿ ದಾರದ ಗುರುತು ಕಟ್ಟಿ, ಅತಿಥಿಗಳಿಗೆ ಮುಂಚೆಯೇ ತೋರಿಸಿಡಿ. ತಾಲೀಮನ್ನು ಧ್ವಜದಿಂದ ಮಾಡಬೇಕಿಲ್ಲ. ಅದೇ ಅಳತೆಯ ಟವಲ್ಲು ಅಥವಾ ಪಂಚೆ ಸಾಕು.

4. ಬೆಳಗಿನ ಹೊತ್ತು

ಹೊತ್ತನ್ನು ಗೊತ್ತುಮಾಡುವಾಗ ಮಕ್ಕಳ ಶಾಲೆಯ ಕಾರ್ಯಕ್ರಮದ ವೇಳೆಯನ್ನು ವಿಚಾರಿಸಿಕೊಳ್ಳಿ. ಮಕ್ಕಳಿಲ್ಲದ ಧ್ವಜಾರೋಹಣದಲ್ಲಿ ಉಳಿಯುವುದು ಪದಾಧಿಕಾರಿಗಳು ಮಾತ್ರ. ಧ್ವಜಕಟ್ಟೆಯ ಸುತ್ತ ರಂಗೋಲಿ ಹಾಕಬಹುದು. ಆದರೆ ಚಕ್ರಸಹಿತ ಧ್ವಜವನ್ನೇ ನೆಲದ ಮೇಲೆ ರಂಗೋಲಿಯಾಗಿ ಬಿಡಿಸಬೇಡಿ, ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅದು ಜನರ ಕಾಲಡಿಗೆ ಬರುತ್ತದೆ. ಕಂಬದ ಮೇಲೆ ಅಥವಾ ಅದರ ತುದಿಗೆ ಹೂವು, ಹಾರ, ಲಾಂಛನ ಯಾವುದನ್ನೂ ಕಟ್ಟಬಾರದು ಎಂಬುದು ಸಂಹಿತೆಯ ಮಾತು. ಹಾರ ತಂದಿದ್ದರೆ ಅದು ಗಾಂಧೀಜಿ, ಅಂಬೇಡ್ಕರ್ ಅವರ ಭಾವಚಿತ್ರಗಳಿಗಿರಲಿ, ಆ ಚಿತ್ರಗಳನ್ನು ಬೇರೊಂದು ಮೇಜಿನ ಮೇಲಿಡಿ. ಚಪ್ಪಲಿ ಬಿಟ್ಟು ಧ್ವಜ ಏರಿಸುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ಅದು ನಿಯಮವಲ್ಲವಾದ್ದರಿಂದ ಶೂ ಧರಿಸಿದ ನಿವೃತ್ತ ಸೈನಿಕರನ್ನು ಯಾರೂ ಆಕ್ಷೇಪಿಸಬಾರದು.

ಧ್ವಜವನ್ನು ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಬಿಚ್ಚಿಕೊಂಡ ಕೂಡಲೆ ಎಲ್ಲರೂ ಧ್ವಜಕ್ಕೆ ಮುಖಮಾಡಿ ನೆಟ್ಟಗೆ ನಿಂತು ರಾಷ್ಟ್ರಗೀತೆ ಹಾಡಬೇಕು. ಸೆಲ್ಯೂಟ್ ಹೊಡೆಯುವುದು ಸಮವಸ್ತ್ರದಲ್ಲಿರುವವರ ಕರ್ತವ್ಯ, ಉಳಿದವರು ಸೆಟೆದು ನಿಂತರೆ ಸಾಕು. ರಾಷ್ಟ್ರಗೀತೆಯ ಪೂರ್ಣರೂಪಕ್ಕೆ ಹಿಡಿಯುವ ಸಮಯ ಸುಮಾರು 52 ಸೆಕೆಂಡು. ಮೊಬೈಲಿನಿಂದ ಧ್ವನಿಮುದ್ರಿಕೆ ಹಾಕುವವರು ಹುಷಾರಾಗಿರಬೇಕು: ಎಳೆದೆಳೆದು ಹಾಡಿದ ಸಿನಿಮಾ ಧಾಟಿಗೆ ದನಿಗೂಡಿಸಲು ಜನರಿಗೆ ಆಗುವುದಿಲ್ಲ, ಕೆಲವೊಮ್ಮೆ ಗೀತೆಗೆ ಮೊದಲು ಜಾಹೀರಾತೂ ಮೊಳಗುತ್ತದೆ. ಹಾಡಬಲ್ಲ ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸಿದರೆ ಉಳಿದವರು ತಾವಾಗಿ ಸೇರಿಕೊಳ್ಳುತ್ತಾರೆ. ನಾಡಗೀತೆ, ರೈತಗೀತೆ, ಇತರ ದೇಶಭಕ್ತಿ ಗೀತೆಗಳು ಇದಾದ ಮೇಲೆ.

5. ಐದು ನಿಮಿಷದ ಮಾತು

ಭಾಷಣ ಬೇಡವೆನ್ನುವವರಿದ್ದಾರೆ. ನಾನು ಬೇಕೆನ್ನುವ ಪಂಗಡದವನು, ಆದರೆ ಮಾತನಾಡುವವರು ಒಬ್ಬರೇ ಇರಬೇಕು, ಐದು ನಿಮಿಷ ಮೀರಬಾರದು, ವಿಷಯ ನಿಮ್ಮ ತಾಲ್ಲೂಕಿನದೋ ಜಿಲ್ಲೆಯದೋ ಆಗಿರಬೇಕು. ವಾಟ್ಸಾಪಿನಲ್ಲಿ ಬಂದ ಭಾಷಣವನ್ನು ಓದಿದರೆ ಮಕ್ಕಳ ಕಣ್ಣು ಲಾಡಿನ ಡಬ್ಬಿಯ ಕಡೆಗೇ ಇರುತ್ತದೆ.

ನಮ್ಮ ನಾಡಿನಲ್ಲಿ ಧ್ವಜದ ಕಥೆಗೇ ಕೊರತೆಯಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ ಧ್ವಜ ಹಾರಿಸಬಾರದೆಂದು ಸರ್ಕಾರ ನಿಷೇಧ ಹೇರಿತ್ತು, ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಅದನ್ನು ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ಬಿಟ್ಟರು. ಅಂದು ಹಾರಿದ್ದು ಇಂದಿನ ಚಕ್ರದ ಧ್ವಜವಲ್ಲ, ಚರಕವಿದ್ದ ಕಾಂಗ್ರೆಸ್ ಧ್ವಜ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ, ಇಲ್ಲದಿದ್ದರೆ ಚಿತ್ರ ಬರೆಯುವಾಗ ಗೊಂದಲಪಡುತ್ತಾರೆ.

ಶಿವಮೊಗ್ಗ ಜಿಲ್ಲೆಯವರಿಗೆ 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಘೋಷಿಸಿಕೊಂಡ ಈಸೂರು ಇದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಹುಟ್ಟಿದ್ದು ಅಲ್ಲಿ. ಹಾವೇರಿಯವರಿಗೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದಾರೆ, ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಕರ್ನಾಟಕದಿಂದ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಉತ್ತರ ಕನ್ನಡದವರಿಗೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. ಬೆಳಗಾವಿಯವರಂತೂ ದೂರ ಹುಡುಕಬೇಕಿಲ್ಲ: ಆಗಸ್ಟ್ 15 ಸಂಗೊಳ್ಳಿ ರಾಯಣ್ಣನ ಜನ್ಮದಿನವೆಂದೂ ಆಚರಣೆಯಲ್ಲಿದೆ, ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು.

ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದ ಕಡೆಯವರು ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1947ರ ಆಗಸ್ಟ್ 15ರಂದು ಆ ಭಾಗ ಇನ್ನೂ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು, ಅಲ್ಲಿ ತ್ರಿವರ್ಣ ಹಾರಿಸುವುದು ಅಪಾಯದ ಕೆಲಸವಾಗಿತ್ತು. ವಿಮೋಚನೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಆ ದಿನವನ್ನು ಈಗ ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸಿ ಧ್ವಜಾರೋಹಣ ಮಾಡುವುದರಿಂದ ಆ ಜಿಲ್ಲೆಗಳ ಓದುಗರಿಗೆ ಈ ಮಾರ್ಗದರ್ಶಿ ಒಂದೇ ತಿಂಗಳ ಅಂತರದಲ್ಲಿ ಎರಡು ಸಲ ಉಪಯೋಗಕ್ಕೆ ಬರುತ್ತದೆ.

ಹೆಸರು, ಇಸವಿಗಳನ್ನು ಊರಿನ ಗ್ರಂಥಾಲಯದಲ್ಲೋ ಜಿಲ್ಲಾ ಗ್ಯಾಸೆಟಿಯರ್‌ನಲ್ಲೋ (ಜಿಲ್ಲೆಯ ಇತಿಹಾಸ, ಭೂಗೋಳ, ಜನಜೀವನದ ವಿವರಗಳಿರುವ ಸರ್ಕಾರಿ ಗ್ರಂಥ) ಒಮ್ಮೆ ತಾಳೆನೋಡಿ. ಊರಿನಲ್ಲಿ ಹುತಾತ್ಮರ ಸ್ಮಾರಕ ಅಥವಾ ವೀರಸೌಧವಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಕಲ್ಲಿನ ಮೇಲಿನ ಹೆಸರುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ.

6. ಉಡುಪು, ವಾಹನ, ಅಲಂಕಾರ: ಇಲ್ಲಿ ಕೈ ಬಿಗಿಹಿಡಿಯಿರಿ

ಉತ್ಸಾಹದಲ್ಲಿ ನಿಯಮ ಮೀರುವುದು ಹೆಚ್ಚಾಗಿ ಇಲ್ಲಿಯೇ. ಸೊಂಟದ ಕೆಳಗೆ ಧರಿಸುವ ಯಾವುದರಲ್ಲೂ ಧ್ವಜ ಇರುವಂತಿಲ್ಲ. ದಿಂಬು, ಕರವಸ್ತ್ರ, ಕೈಒರೆಸುವ ವಸ್ತ್ರ, ಒಳಉಡುಪು, ಉಡುಪಿನ ಬಟ್ಟೆ ಇವುಗಳ ಮೇಲೆ ಧ್ವಜವನ್ನು ಕಸೂತಿ ಮಾಡುವುದನ್ನೂ ಅಚ್ಚು ಹಾಕುವುದನ್ನೂ ಕಾಯ್ದೆ ಹೆಸರಿಸಿಯೇ ತಡೆದಿದೆ. ಕೇಸರಿ ಸೀರೆಗೆ ಹಸಿರು ಕುಪ್ಪಸ ತೊಟ್ಟರೆ ತಪ್ಪೇನಿಲ್ಲ, ಅದು ಬಣ್ಣಗಳ ಆಯ್ಕೆ ಮಾತ್ರ. ಚಕ್ರಸಹಿತ ಧ್ವಜವನ್ನೇ ಅಚ್ಚೊತ್ತಿದ ಟೀ ಶರ್ಟನ್ನು ಬಿಟ್ಟುಬಿಡುವುದು ಲೇಸು. ಎದೆಯ ಮೇಲೆ ಸಣ್ಣ ಬಿಲ್ಲೆ ಸಾಕು.

ವಾಹನದ ಮೇಲೆ ಧ್ವಜ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ಸಚಿವರು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ನ್ಯಾಯಮೂರ್ತಿಗಳು ಮುಂತಾಗಿ ಸಂಹಿತೆ ಹೆಸರಿಸಿದ ಕೆಲವರಿಗೆ ಮಾತ್ರ ಇದೆ. ಕಾರಿನ ಬಾನೆಟ್ಟಿಗೋ ಮೇಲ್ಚಾವಣಿಗೋ ಧ್ವಜ ಹೊದಿಸುವುದು ಯಾರಿಗೂ ಸಲ್ಲದು. ಬೈಕಿನ ಹಿಂದೆ ಉದ್ದ ಕೋಲಿಗೆ ಕಟ್ಟಿ ಓಡಿಸುವ ಹುಡುಗರಿಗೆ ಇದನ್ನು ಬೈಯದೆ ತಿಳಿಸಿ.

ಧ್ವಜವನ್ನು ತೋರಣವಾಗಿ, ಗೊಂಡೆಯಾಗಿ, ಅಲಂಕಾರದ ವಸ್ತುವಾಗಿ ಬಳಸಬಾರದು. ಧ್ವಜದ ಮೇಲೆ ಯಾವ ಬರಹವೂ ಇರಬಾರದು. ಹಾಗಿದ್ದರೂ ಪ್ರತಿ ವೃತ್ತದಲ್ಲೂ ಧ್ವಜದ ಬಿಳಿ ಪಟ್ಟಿಯ ಮೇಲೆ ಮುಖಂಡರ ಹೆಸರು, ಹಸಿರಿನ ಮೇಲೆ ‘ಶುಭ ಕೋರುವವರು’ ಎಂಬ ಫ್ಲೆಕ್ಸು ಏಳುತ್ತದೆ. ನಿಮ್ಮ ಸಂಘದ ಫ್ಲೆಕ್ಸು ಮಾಡಿಸುವುದೇ ಆದರೆ ಶುಭಾಶಯವನ್ನೂ ಫೋಟೊಗಳನ್ನೂ ಧ್ವಜದ ಚಿತ್ರದಿಂದ ಬೇರೆಯಾಗಿಡಲು ಅಚ್ಚುಮನೆಯವರಿಗೆ ಹೇಳಿ. ಮಾಡಿಸದಿದ್ದರೆ ಇನ್ನೂ ಒಳ್ಳೆಯದು, ಆ ಹಣಕ್ಕೆ ಅಂಗನವಾಡಿಗೊಂದು ಖಾದಿ ಧ್ವಜ ಬರುತ್ತದೆ.

7. ಇಳಿಸುವುದು, ಮಡಿಸುವುದು, ಹಾಳಾದದ್ದನ್ನು ವಿಲೇವಾರಿ ಮಾಡುವುದು

ಇಳಿಸಲು ಇಬ್ಬರು ಬೇಕು: ಒಬ್ಬರು ಹಗ್ಗ ಬಿಡುತ್ತ ಬಂದರೆ ಇನ್ನೊಬ್ಬರು ಧ್ವಜ ನೆಲ ಮುಟ್ಟುವ ಮೊದಲೇ ಎರಡೂ ಕೈಗಳಲ್ಲಿ ಬರಮಾಡಿಕೊಳ್ಳಬೇಕು. ಮಡಿಸುವ ಕ್ರಮ ಹೀಗಿದೆ. ಧ್ವಜವನ್ನು ಅಡ್ಡಲಾಗಿ ಹರಡಿ, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿ ಪಟ್ಟಿಯ ಅಡಿಗೆ ಮಡಿಸಿ. ಅನಂತರ ಬಿಳಿ ಪಟ್ಟಿಯ ಎರಡೂ ತುದಿಗಳನ್ನು, ಅಶೋಕಚಕ್ರ ಮತ್ತು ಅಂಚಿನಲ್ಲಿ ತುಸು ಕೇಸರಿ, ತುಸು ಹಸಿರು ಮಾತ್ರ ಕಾಣುವಂತೆ ಒಳಕ್ಕೆ ಮಡಿಸಿ. ಮಡಿಸಿದ್ದನ್ನು ಅಂಗೈಗಳ ಮೇಲೆ ಹೊತ್ತು ಒಯ್ಯುವುದು ಪದ್ಧತಿ. ನೆನೆದಿದ್ದರೆ ಮಡಿಸುವ ಮೊದಲು ಒಳಗೆ ನೆರಳಿನಲ್ಲಿ ಹರಡಿ ಪೂರ್ತಿ ಒಣಗಿಸಿ. ಅರೆಒಣಗಿದ ಖಾದಿ ಮಡಿಕೆಯಲ್ಲಿ ಬೂಷ್ಟು ಹಿಡಿಯುತ್ತದೆ, ಕೇಸರಿಯ ಬಣ್ಣ ಬಿಳಿಗೆ ಇಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ನಾಲ್ಕು ಒಣ ಬೇವಿನೆಲೆ ಇಟ್ಟು, ಬೀರುವಿನ ಮೇಲಂತಸ್ತಿನಲ್ಲಿಡಿ.

ಹಗಲಿರುಳೂ ಹಾರಿಸುವವರು ವಾರಕ್ಕೊಮ್ಮೆ ಹಾರುವ ತುದಿಯನ್ನು ಗಮನಿಸಬೇಕು, ಧ್ವಜ ಸವೆಯುವುದು ಅಲ್ಲಿಂದಲೇ. ಹರಿದ, ಮಾಸಿದ ಧ್ವಜವನ್ನು ಹಾರಿಸುವುದು ನಿಯಮಕ್ಕೆ ವಿರುದ್ಧ. ಮನೆಮನೆಯಲ್ಲಿ ತ್ರಿವರ್ಣ ಅಭಿಯಾನ 2022ರಲ್ಲಿ ಶುರುವಾದ ಮೇಲೆ ಧ್ವಜ ಹಾರಿಸುವ ಮನೆಗಳು ಹೆಚ್ಚಿವೆ, ಜೊತೆಗೆ ಬಣ್ಣ ಕಳೆದುಕೊಂಡು ಕಂಬದಲ್ಲೇ ಚಿಂದಿಯಾಗುವ ಧ್ವಜಗಳೂ ಹೆಚ್ಚಿವೆ.

ಬಳಸಲಾಗದ ಧ್ವಜವನ್ನು ಕಸದ ಗಾಡಿಗೆ ಹಾಕಬೇಡಿ, ಒರೆಸುವ ಬಟ್ಟೆ ಮಾಡಬೇಡಿ, ತುಂಡರಿಸಬೇಡಿ. ಅದನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೆ ಅದರ ಘನತೆಗೆ ಕುಂದು ಬಾರದ ಬೇರೆ ರೀತಿಯಲ್ಲಿ ಇಲ್ಲವಾಗಿಸಬೇಕೆಂದು ಸಂಹಿತೆ ಹೇಳುತ್ತದೆ. ಖಾಸಗಿಯಾಗಿ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇದೇ ಕೆಲಸವನ್ನು ಬೀದಿಯಲ್ಲಿ ಅಥವಾ ಬೀದಿಗೆ ಕಾಣುವಂತೆ ಮಾಡಿದರೆ ಅದಕ್ಕೆ ಅಪರಾಧದ ಬಣ್ಣ ಬರುತ್ತದೆ. ವಿಡಿಯೊ ಮಾಡಿ ಹಂಚಿದರೆ ನಿಮ್ಮ ಸದುದ್ದೇಶವನ್ನು ವಿವರಿಸಲು ಠಾಣೆಗೆ ಹೋಗಬೇಕಾದೀತು. ಪಾಲಿಯೆಸ್ಟರ್ ಸುಡುವಾಗ ಕರಗಿ ಹನಿಯುತ್ತದೆ, ಹೊಗೆಯೂ ಘಾಟು. ಹಿತ್ತಲಿನ ತೆರೆದ ಜಾಗದಲ್ಲಿ ಲೋಹದ ಪಾತ್ರೆಯಲ್ಲಿಟ್ಟು, ಗಾಳಿಗೆ ಎದುರಾಗಿ ನಿಲ್ಲದೆ, ಮಕ್ಕಳನ್ನು ದೂರವಿರಿಸಿ ಮಾಡಿ.

ಕಾಗದದ ಧ್ವಜಗಳಿಗೂ ಇದೇ ನಿಯಮ. ರಾಷ್ಟ್ರೀಯ, ಸಾಂಸ್ಕೃತಿಕ, ಕ್ರೀಡಾ ಸಂದರ್ಭಗಳಲ್ಲಿ ಅವನ್ನು ಕೈಯಲ್ಲಿ ಹಿಡಿದು ಬೀಸಬಹುದು, ಮುಗಿದ ಮೇಲೆ ನೆಲಕ್ಕೆಸೆಯಬಾರದು. ಬಡಾವಣೆಯ ಸಂಘದವರು ಸಿಹಿ ಹಂಚುವ ಮೇಜಿನ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಧ್ವಜವನ್ನು ಅದರಲ್ಲಿ ಮಲಗಿಸಿದ ಮಕ್ಕಳಿಗೆ ಲಾಡು ಕೊಡುವ ಏರ್ಪಾಡು ಮಾಡಿದರೆ ಬಹುಪಾಲು ಧ್ವಜಗಳು ಅಲ್ಲೇ ವಾಪಸಾಗುತ್ತವೆ. ಉಳಿದವನ್ನು 16ರ ಬೆಳಿಗ್ಗೆ ಪೌರಕಾರ್ಮಿಕರು ಬರುವ ಮೊದಲೇ, ಅಂದರೆ ಆರು ಗಂಟೆಯೊಳಗೆ, ಇಬ್ಬರು ಒಂದು ಚೀಲ ಹಿಡಿದು ಬೀದಿಯ ಎರಡೂ ಬದಿಯ ಚರಂಡಿ, ಮೋರಿಯ ಬಾಯಿ, ನಿಲ್ಲಿಸಿದ ವಾಹನಗಳ ಅಡಿ ನೋಡುತ್ತ ಆರಿಸಿಕೊಂಡು ಬರಬೇಕು. ಮಣ್ಣಾಗದೆ ಗಟ್ಟಿಯಿರುವುವನ್ನು ಜನವರಿ 26ಕ್ಕೆ ತೆಗೆದಿಡಿ.